ನಮ್ಮ ಜಿಲ್ಲೆಯ ಹಳೆಯ ಶಾಸಕರನ್ನು ಇಂಟರ್ನೆಟ್ ಆರ್ಕೈವ್‌ನಲ್ಲಿ ಹುಡುಕುವುದು: ಸೇವೆ ಎಷ್ಟು ಉಪಯೋಗ, ಎಲ್ಲಿ ಕೈಕೊಡುತ್ತದೆ

ಮಂಗಳೂರು, ಉಡುಪಿ ಕಡೆಯ ಇತಿಹಾಸ ಬರೆಯುವವರಿಗೆ ಮೊದಲಿನಿಂದಲೂ ಒಂದು ತೊಡಕು: ಊರು ನಮ್ಮದು, ದಾಖಲೆ ಚೆನ್ನೈಯದು. 1862ರಲ್ಲಿ ಉತ್ತರ ಕನ್ನಡ ಬೊಂಬಾಯಿ ಪ್ರಾಂತ್ಯಕ್ಕೆ ಸೇರಿತು. ದಕ್ಷಿಣ ಕನ್ನಡ ಮಾತ್ರ 1956ರ ನವೆಂಬರ್ 1ರವರೆಗೆ ಮದ್ರಾಸಿನಲ್ಲೇ ಉಳಿಯಿತು. ಹಾಗಾಗಿ ನಮ್ಮವರು ಶಾಸನಸಭೆಯಲ್ಲಿ ಆಡಿದ ಮಾತು ಬೆಂಗಳೂರಿನಲ್ಲಿ ಸಿಗುವುದಿಲ್ಲ, ಮದ್ರಾಸ್ ಲೆಜಿಸ್ಲೇಟಿವ್ ಕೌನ್ಸಿಲಿನ ನಡಾವಳಿ ಸಂಪುಟಗಳಲ್ಲಿದೆ. ಆ ಸಂಪುಟಗಳಲ್ಲಿ ಹಲವನ್ನು ಇಂಟರ್ನೆಟ್ ಆರ್ಕೈವ್ ಎಂಬ ಆನ್‌ಲೈನ್ ಗ್ರಂಥಾಲಯದಲ್ಲಿ ಮನೆಯಲ್ಲೇ ಕುಳಿತು ಪುಕ್ಕಟೆ ಓದಬಹುದು. ಈ ಸೌಕರ್ಯಕ್ಕೆ ಎಷ್ಟು ಕೃತಜ್ಞರಾಗಿದ್ದರೂ ಸಾಲದು. ಆದರೆ ಇಲ್ಲಿ ಹುಡುಕುಪೆಟ್ಟಿಗೆಯನ್ನು ನಂಬಿ ಕೂತವರಿಗೆ ನಮ್ಮ ಜಿಲ್ಲೆ ಸಿಗುವುದಿಲ್ಲ.

ಹುಡುಕಲು ಹೊರಡುವ ಮೊದಲು ಯಾವ ಕಾಲದಲ್ಲಿ ಏನು ಇತ್ತು ಎಂಬುದು ಗೊತ್ತಿರಬೇಕು, ಇಲ್ಲದಿದ್ದರೆ ಇಲ್ಲದ್ದನ್ನು ವಾರಗಟ್ಟಲೆ ತಡಕಾಡುತ್ತೀರಿ. 1861ರ ಕಾಯಿದೆಯಂತೆ ಗವರ್ನರರ ಕೌನ್ಸಿಲಿಗೆ ಸೇರಿದ ಹೆಚ್ಚುವರಿ ಸದಸ್ಯರು 4ರಿಂದ 8 ಮಂದಿ. ಅವರಲ್ಲಿ ಕನಿಷ್ಠ ಅರ್ಧ ಸರಕಾರಿ ನೌಕರರಲ್ಲದವರು, ಎಲ್ಲರೂ ನಾಮಕರಣಗೊಂಡವರು, ಅವಧಿ 2 ವರ್ಷ. ಮಸೂದೆಯ ಮೇಲೆ ಮಾತಾಡಬಹುದಿತ್ತು, ಅಷ್ಟೆ. ಪ್ರಶ್ನೆ ಕೇಳುವ, ಬಜೆಟ್ ಚರ್ಚಿಸುವ ಹಕ್ಕು ಬಂದದ್ದು 1892ರ ಕಾಯಿದೆಯಿಂದ. ಆದ್ದರಿಂದ 1880ರ ದಶಕದ ನಡಾವಳಿಯಲ್ಲಿ ಕುಂದಾಪುರದ ರಸ್ತೆಯ ಬಗ್ಗೆ ಪ್ರಶ್ನೋತ್ತರ ಹುಡುಕಿ ಪ್ರಯೋಜನವಿಲ್ಲ. ಉಪಪ್ರಶ್ನೆ 1909ರ ಸುಧಾರಣೆಯ ನಂತರದ್ದು. ನಿಜವಾದ ಸುಗ್ಗಿ 1920ರ ಚುನಾವಣೆಯ ಮೇಲೆ: 132 ಸದಸ್ಯರು, ಅವರಲ್ಲಿ 98 ಚುನಾಯಿತರು. 1923, 1926, 1930ರಲ್ಲಿ ಮತ್ತೆ ಚುನಾವಣೆಯಾಯಿತು. 1937ರಿಂದ ಎರಡು ಸದನ, ಕೆಳಮನೆಯಲ್ಲಿ 215 ಸ್ಥಾನ. 1939ರ ಅಕ್ಟೋಬರಿನಲ್ಲಿ ಮಂತ್ರಿಮಂಡಲ ರಾಜೀನಾಮೆ ಕೊಟ್ಟು ಗವರ್ನರರ ಆಳ್ವಿಕೆ ಬಂತು. 1946ರವರೆಗಿನ ಆ ಖಾಲಿ ವರ್ಷಗಳ ಸಂಪುಟ ಕಾಣದಿದ್ದರೆ ಅದು ಆರ್ಕೈವ್‌ನ ತಪ್ಪಲ್ಲ.

ಈಗ ಸೇವೆಯ ವಿಷಯ. ಹಕ್ಕುಸ್ವಾಮ್ಯ ಮುಗಿದ ಪುಸ್ತಕ ಇಳಿಸಿಕೊಳ್ಳಲು ಖಾತೆ ಬೇಡ, ಹಣ ಬೇಡ. ಒಂದೇ ಪುಸ್ತಕ ಪಿಡಿಎಫ್ ಆಗಿಯೂ ಬರೀ ಪಠ್ಯವಾಗಿಯೂ ಸಿಗುತ್ತದೆ. ಭಾರತದ ಹಳೆಯ ಪುಸ್ತಕಗಳ ದೊಡ್ಡ ಪಾಲು ಬಂದಿರುವುದು ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ಎಂಬ ಪುಸ್ತಕ ಡಿಜಿಟಲೀಕರಣ ಯೋಜನೆಯ ಸ್ಕ್ಯಾನ್‌ಗಳಿಂದ. ಅಂಥವುಗಳ ಗುರುತುಸಂಖ್ಯೆ ಸಾಮಾನ್ಯವಾಗಿ 'ಇನ್ ಡಾಟ್ ಎರ್ನೆಟ್ ಡಾಟ್ ಡಿಎಲ್‌ಐ' ಎಂದು ಶುರುವಾಗುತ್ತದೆ. ಅದನ್ನು ಕಂಡ ಕೂಡಲೇ ಎಚ್ಚರ ವಹಿಸಿ. ಈ ಸಂಗ್ರಹದಲ್ಲಿ ಶೀರ್ಷಿಕೆಯಲ್ಲಿ ಸಂಪುಟಸಂಖ್ಯೆ ಇಲ್ಲದಿರುವುದು, ವರ್ಷ ತಪ್ಪಾಗಿರುವುದು, ಪುಟ ಬಿಟ್ಟುಹೋಗಿರುವುದು, ಅಂಚು ಕತ್ತರಿಸಿ ಹೋಗಿರುವುದು ಎಲ್ಲ ಮಾಮೂಲು. ಹೊರಗಿನ ಶೀರ್ಷಿಕೆ ನೋಡಿ ಬಿಡಬೇಡಿ. ಪುಸ್ತಕ ತೆರೆದು ಒಳಗಿನ ಮುಖಪುಟದಲ್ಲಿ ಸಂಪುಟ, ಅಧಿವೇಶನದ ತಾರೀಕು ಓದಿ, ಒಂದು ಪಟ್ಟಿಯಲ್ಲಿ ಬರೆದಿಡಿ. ಈ ಪಟ್ಟಿ ಮಾಡಿಕೊಳ್ಳದೆ ಮುಂದಿನ ಕೆಲಸಕ್ಕೆ ಕೈಹಾಕಲೇಬೇಡಿ.

ಹುಡುಕಾಟದಲ್ಲಿ ಎರಡು ಬಗೆ ಇದೆ. ತಾನಾಗಿ ಬರುವುದು ಶೀರ್ಷಿಕೆ, ಲೇಖಕ, ವಿವರಣೆಗಳಲ್ಲಿ ಮಾತ್ರ ಹುಡುಕುವ ಬಗೆ. ಪುಸ್ತಕದ ಒಳಪಠ್ಯದಲ್ಲಿ ಹುಡುಕಬೇಕಾದರೆ ಆ ಆಯ್ಕೆಯನ್ನು ನಾವೇ ಬದಲಿಸಬೇಕು. 'ಏನೂ ಇಲ್ಲ' ಎಂದು ನಿರಾಶರಾಗುವವರಲ್ಲಿ ಬಹುಪಾಲು ಇಲ್ಲೇ ಎಡವುತ್ತಾರೆ.

ಆಯ್ಕೆ ಬದಲಿಸಿದ ಮೇಲೆಯೂ ಕಾಗುಣಿತ ಕಾಡುತ್ತದೆ. ಮದ್ರಾಸಿನ ಗುಮಾಸ್ತರು ಇಂಗ್ಲಿಷಿನಲ್ಲಿ ಉಡುಪಿಯನ್ನು ಬರೆಯುತ್ತಿದ್ದುದು ಯು-ಡಿ-ಐ-ಪಿ-ಐ ಎಂದು. ಈಗಿನಂತೆ ಡಿ ನಂತರ ಯು ಹಾಕಿದರೆ ಆ ಪುಟಗಳು ಬರುವುದೇ ಇಲ್ಲ. ಕೆನರಾ ಕೆಲವು ಕಡೆ 'ಸಿ'ಯಿಂದ, ಕೆಲವು ಕಡೆ 'ಕೆ'ಯಿಂದ. ರಾವ್ ಎಂಬುದು ಆರ್-ಎ-ಯು ಆಗಿರಬಹುದು, ಶೆಟ್ಟಿಯ ಕೊನೆಗೆ ವೈ ಅಥವಾ ಐ ಇರಬಹುದು. ಹೆಗ್ಡೆ, ಹೆಗಡೆ, ಹೆಗ್ಗಡೆ ಮೂರನ್ನೂ ಹಾಕಿ ನೋಡಿ. ಹೆಸರಿನ ಮುಂದೆ ರಾವ್ ಬಹಾದೂರ್, ದಿವಾನ್ ಬಹಾದೂರ್, ಮಹಾರಾಜರಾಜಶ್ರೀ ಎಂಬುದರ ಚಿಕ್ಕರೂಪ, ಹಿಂದೆ ಗಾರು, ಅವರ್ಗಳ್, ಸಾಹಿಬ್ ಬಹಾದೂರ್. ಹೀಗೆ ನಡುವೆ ಸಿಕ್ಕಿಕೊಂಡ ಹೆಸರು ಇಡಿಯಾಗಿ ಸಿಗದು. ಒಂದೇ ಪದ ಹಾಕಿ ಹುಡುಕುವುದು ಮೇಲು. ಪಠ್ಯ ಗುರುತಿಸುವ ಯಂತ್ರದ ತಪ್ಪುಗಳು ಬೇರೆ: ಹಳೆಯ ಮಸಿ ಹರಡಿದಲ್ಲಿ ಆರ್ ಮತ್ತು ಎನ್ ಸೇರಿ ಎಮ್ ಆಗುತ್ತದೆ, ಸಾಲಿನ ತುದಿಯಲ್ಲಿ ಮುರಿದ ಹೆಸರು ಎರಡು ತುಂಡಾಗುತ್ತದೆ, ಕೋಷ್ಟಕದ ಅಂಕಿಗಳು ಕಲಸಿಹೋಗುತ್ತವೆ. ಅಂಕಿಯನ್ನು ಪಠ್ಯದಿಂದ ನಕಲು ಮಾಡಲೇಬೇಡಿ, ಪುಟದ ಚಿತ್ರ ನೋಡಿ ಬರೆಯಿರಿ.

ಹೆಸರಿಗಿಂತ ಚೆನ್ನಾಗಿ ಕೆಲಸ ಮಾಡುವುದು ನಮ್ಮ ನೆಲದ ಪದಗಳು. ಕುಮ್ಕಿ, ವರ್ಗ (ಕಂದಾಯ ಲೆಕ್ಕದ ಹಿಡುವಳಿ), ಮೂಲಗೇಣಿ (ಶಾಶ್ವತ ಗೇಣಿ), ಚಾಲಗೇಣಿ (ಬಿಡಿಸಬಹುದಾದ ಗೇಣಿ), ಅಳಿಯಸಂತಾನ (ಹೆಣ್ಣಿನ ಕಡೆಯಿಂದ ಆಸ್ತಿ ಹರಿಯುವ ಪದ್ಧತಿ). ಕೊಯಮುತ್ತೂರಿನ ಸದಸ್ಯನಿಗೆ ಈ ಪದಗಳ ಗೊಡವೆಯಿಲ್ಲ. ಅವು ಬಂದ ಪುಟದಲ್ಲಿ ನಮ್ಮ ಜಿಲ್ಲೆಯ ಮಾತು ಇದ್ದೇ ಇರುತ್ತದೆ ಎನ್ನಬಹುದು. ಕದೀಂ (ಹಳೆಯ) ವರ್ಗದ ಜಮೀನಿನಿಂದ 100 ಗಜದೊಳಗಿನ ಸರಕಾರಿ ಜಾಗದಲ್ಲಿ ಸೊಪ್ಪು, ಮೇವು, ಸೌದೆ ತೆಗೆಯುವ ಕುಮ್ಕಿ ಸವಲತ್ತನ್ನೇ ತೆಗೆದುಕೊಳ್ಳಿ. ಅಧಿಕಾರ ಮಂತ್ರಿಗಳಿಗೂ ಗವರ್ನರರಿಗೂ ಹಂಚಿಹೋಗಿದ್ದ ದ್ವಿಮುಖ ಆಡಳಿತದ ಕಾಲದಲ್ಲಿ (1920ರ ಚುನಾವಣೆಯಿಂದ 1937ರವರೆಗೆ) ಭೂಕಂದಾಯವೂ, ಮದ್ರಾಸಿನ ಮಟ್ಟಿಗೆ ಅರಣ್ಯವೂ ಕಾಯ್ದಿಟ್ಟ ವಿಷಯಗಳು. ಉತ್ತರ ಕೊಡುವವರು ಚುನಾಯಿತ ಮಂತ್ರಿಯಲ್ಲ, ಗವರ್ನರರ ಕಾರ್ಯಕಾರಿ ಸಮಿತಿಯ ಸದಸ್ಯರು. ಶಿಕ್ಷಣ, ಆರೋಗ್ಯ, ಸ್ಥಳೀಯ ಸಂಸ್ಥೆಗಳಾದರೆ ಮಂತ್ರಿಗಳ ಉತ್ತರ. ಬಜೆಟ್ಟಿನ ಅನುದಾನ ಬೇಡಿಕೆಗಳ ಚರ್ಚೆ ಬೇಕಿದ್ದರೆ ಮಾರ್ಚ್ ತಿಂಗಳ ಸಂಪುಟವನ್ನೇ ಮೊದಲು ತೆಗೆಯಿರಿ, ಏಪ್ರಿಲ್ 1ಕ್ಕೆ ಹೊಸ ಆಯವ್ಯಯ ಶುರುವಾಗುತ್ತಿತ್ತು. ಅಳಿಯಸಂತಾನದ ಎಳೆ ಹಿಡಿದವರು 1949ರ ಕಾಯಿದೆಯಿಂದ ಹಿಂದಕ್ಕೆ, 1896ರ ಮಲಬಾರ್ ವಿವಾಹ ಕಾಯಿದೆಯವರೆಗೂ ಹೋಗಬೇಕು. ಆ ಮಸೂದೆಯನ್ನು ಕೌನ್ಸಿಲಿಗೆ ತಂದವರು ಸಿ. ಶಂಕರನ್ ನಾಯರ್.

ವ್ಯಕ್ತಿಗಳನ್ನು ಹುಡುಕುವಾಗ ಇನ್ನೂ ಕೆಲವು ಗುಂಡಿಗಳಿವೆ. ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯರು 1926ರಲ್ಲಿ ಮದ್ರಾಸ್ ಕೌನ್ಸಿಲಿಗೆ ಸ್ಪರ್ಧಿಸಿ ಸ್ವಲ್ಪದರಲ್ಲೇ ಸೋತರು. ಸೋತವರು ಸದಸ್ಯರ ಪಟ್ಟಿಯಲ್ಲಿರುವುದಿಲ್ಲ, ಅವರಿಗಾಗಿ ಆ ಕಾಲದ ಪತ್ರಿಕೆ ನೋಡಬೇಕು. ನಮ್ಮ ಪುರಭವನಕ್ಕೆ ಯಾರ ಹೆಸರಿದೆಯೋ ಆ ಕುದ್ಮುಲ್ ರಂಗರಾಯರ ಮಗಳು ರಾಧಾಬಾಯಿ, 1926ರಿಂದ 1930ರವರೆಗೆ ಮದ್ರಾಸಿನ ಮುಖ್ಯಮಂತ್ರಿಯಾಗಿದ್ದ ಪಿ. ಸುಬ್ಬರಾಯನ್ ಅವರ ಪತ್ನಿ. ದಾಖಲೆಯಲ್ಲಿ ಆಕೆ 'ಮಿಸೆಸ್ ಸುಬ್ಬರಾಯನ್', ರಾಧಾಬಾಯಿ ಎಂದು ಹಾಕಿದರೆ ತಪ್ಪಿಹೋಗುತ್ತಾರೆ. ಜತೆಗೆ 1938ರಲ್ಲಿ ಆಕೆ ಆರಿಸಿಬಂದದ್ದು ದೆಹಲಿಯ ಕೇಂದ್ರ ಶಾಸನಸಭೆಯ ಮೇಲ್ಮನೆಯಾದ ಕೌನ್ಸಿಲ್ ಆಫ್ ಸ್ಟೇಟ್‌ಗೆ, ಅಲ್ಲಿನ ಮೊದಲ ಮಹಿಳಾ ಸದಸ್ಯೆಯಾಗಿ. ಮದ್ರಾಸಿನ ಸಂಪುಟದಲ್ಲಿ ಆಕೆ ಅಲ್ಲಿ ಆಡಿದ ಮಾತು ಹುಡುಕಬೇಡಿ. ಡಾ. ಯು. ರಾಮರಾಯರದು ಮತ್ತೊಂದು ಬಗೆ. 1937ರಿಂದ ಮೇಲ್ಮನೆಯ ಅಧ್ಯಕ್ಷಪೀಠದಲ್ಲಿದ್ದವರು ಅವರೇ. ಪೀಠದಿಂದ ಆಡಿದ ಮಾತಿನ ಮುಂದೆ ಹೆಸರಲ್ಲ, ಪದವಿಯನ್ನಷ್ಟೇ ಅಚ್ಚು ಹಾಕುತ್ತಿದ್ದರು. ಅವರ ನೂರಾರು ಮಾತು ಹೆಸರಿನ ಹುಡುಕಾಟಕ್ಕೆ ದಕ್ಕದೇ ಉಳಿದಿವೆ ಎಂಬುದು ಮನಸ್ಸಿಗೆ ನೋವಾಗುವ ಸಂಗತಿ.

ಪುಟಸಂಖ್ಯೆಯ ಬಗ್ಗೆಯೂ ಹೇಳಲೇಬೇಕು. ಓದುಗ ಪರದೆಯ ವಿಳಾಸದಲ್ಲಿ ಎನ್ ಅಕ್ಷರದ ಜತೆ ಬರುವ ಸಂಖ್ಯೆ ಸ್ಕ್ಯಾನ್ ಮಾಡಿದ ಹಾಳೆಯ ಎಣಿಕೆ, ಅಚ್ಚಿನ ಪುಟವಲ್ಲ. ಮುಖಪುಟ, ಪಟ್ಟಿ, ಖಾಲಿ ಹಾಳೆ ಸೇರಿ ಎರಡರ ನಡುವೆ ಹತ್ತಾರು ಪುಟದ ವ್ಯತ್ಯಾಸ ಬರುತ್ತದೆ. ಲೇಖನದಲ್ಲಿ ಉಲ್ಲೇಖಿಸುವಾಗ ಅಚ್ಚಿನ ಪುಟವನ್ನೇ ಕೊಡಿ, ಸಂಪುಟ ಮತ್ತು ತಾರೀಕಿನ ಸಮೇತ. ಬರೀ ಕೊಂಡಿ ಕೊಟ್ಟರೆ ನಾಳೆ ಮುದ್ರಿತ ಪ್ರತಿ ಹಿಡಿದವರಿಗೆ ಅದು ಉಪಯೋಗಕ್ಕೆ ಬಾರದು.

ಅಂಕ ಕೊಡುವುದಾದರೆ ಲಭ್ಯತೆಗೆ 5ಕ್ಕೆ 5, ಪುಟದ ಸ್ಪಷ್ಟತೆಗೆ 3, ಶೀರ್ಷಿಕೆ ಮತ್ತು ವಿವರಣೆಗೆ 2 ಕೊಡಬೇಕು. ಮೊಬೈಲಿನಲ್ಲಿ ಓದುವುದು ಕಷ್ಟ, ಪುಟ ದೊಡ್ಡದು, ಅಕ್ಷರ ಸಣ್ಣದು. ಪಿಡಿಎಫ್ ಭಾರವಾಗಿರುತ್ತದೆ, ವೈಫೈ ಇರುವಲ್ಲಿ ಇಳಿಸಿ. ತಾನಾಗಿ ತಯಾರಾಗುವ ಇಪಬ್ ಪ್ರತಿಯಲ್ಲಿ ಕೋಷ್ಟಕಗಳು ಚೆಲ್ಲಾಪಿಲ್ಲಿಯಾಗುವುದರಿಂದ ಅದು ಬೇಡ. ಪುಟ ಬಿಟ್ಟುಹೋಗಿದ್ದರೆ ಅದೇ ಸಂಪುಟದ ಇನ್ನೊಂದು ಸ್ಕ್ಯಾನ್ ಬೇರೆ ಶೀರ್ಷಿಕೆಯಲ್ಲಿ ಇದೆಯೇ ನೋಡಿ. ಅಲ್ಲೂ ಇಲ್ಲದಿದ್ದರೆ ಚೆನ್ನೈ ಎಗ್ಮೋರಿನ ತಮಿಳುನಾಡು ಪತ್ರಾಗಾರವೇ ದಾರಿ. ಆದರೆ ರೈಲು ಹತ್ತುವ ಮೊದಲು ಸಂಪುಟಸಂಖ್ಯೆ, ಅಧಿವೇಶನದ ತಾರೀಕು, ಬೇಕಾದ ಅಚ್ಚಿನ ಪುಟ, ಈ ಮೂರೂ ಕೈಯಲ್ಲಿರಲಿ.