ಮಡಿಕೇರಿ ದಸರಾಗೆ ‘ಗ್ಯಾಲರಿ ಪಾಸ್’ ಅಂತ ಮಾರೋರು ಸಿಕ್ಕಿದರೆ ಒಂದು ರೂಪಾಯಿನೂ ಕೊಡಬೇಡಿ

ಪೂರ್ತಿ ಓದೋಕೆ ಪುರುಸೊತ್ತಿಲ್ಲದವರಿಗೆ ಮೊದಲೇ ಹೇಳಿಬಿಡ್ತೀನಿ. ಮಡಿಕೇರಿಯ ದಶಮಂಟಪ ಶೋಭಾಯಾತ್ರೆ, ಅಂದ್ರೆ ಹತ್ತು ದೇವಸ್ಥಾನಗಳ ಮಂಟಪಗಳ ಮೆರವಣಿಗೆ, ನೋಡೋಕೆ ಟಿಕೆಟ್ ಇಲ್ಲ. ಪಾಸ್ ಇಲ್ಲ. ‘ದಸರಾ ಎಂಟ್ರಿ’ ಅಂತ ಒಂದು ವಸ್ತುವೇ ಇಲ್ಲ. ವಿಜಯದಶಮಿ ರಾತ್ರಿ ಬೀದಿಯಲ್ಲಿ ನಿಂತು ನೋಡೋ ಉತ್ಸವ ಅದು. ಗಾಂಧಿ ಮೈದಾನದಲ್ಲಿ ನವರಾತ್ರಿಯ ಸಂಜೆಗಳಲ್ಲಿ ನಡೆಯೋ ಹಾಡು, ಕುಣಿತದ ಕಾರ್ಯಕ್ರಮಕ್ಕೂ ಅಷ್ಟೇ, ಹೋಗಿ ಕೂರೋದು. ಮುಂದಿನ ಸಾಲಿನ ಕುರ್ಚಿ ಗಣ್ಯರಿಗೆ ಇಟ್ಟಿರ್ತಾರೆ, ಆದರೆ ಅದು ಮಾರಾಟಕ್ಕಲ್ಲ.

ಇಷ್ಟು ಗೊತ್ತಿದ್ದೂ ಇದೇ ಜಿಲ್ಲೆಯಲ್ಲಿರೋ ನಾವು ₹10,800 ಕಳಕೊಂಡಿದ್ದೀವಿ. ಹೇಳೋಕೆ ನಾಚಿಕೆ ಆಗುತ್ತೆ. ಆದರೂ ಬರೀತಾ ಇದ್ದೀನಿ, ಯಾಕಂದ್ರೆ ಅದೇ ಫೋಟೊ, ಅದೇ ಮಾತು ಮುಂದಿನ ದಸರಾಗೂ ವಾಟ್ಸಾಪ್ ಗ್ರೂಪುಗಳಲ್ಲಿ ಓಡಾಡೋದು ಖಂಡಿತ. ಪಾಸ್ ಮಾರಿದವನ ಹೆಸರು ಇಲ್ಲಿ ಹಾಕೋದಿಲ್ಲ. ದಸರಾ ಸಮಿತಿಗೂ ಮಂಟಪ ಸಮಿತಿಗಳಿಗೂ ಇದಕ್ಕೂ ಸಂಬಂಧ ಇಲ್ಲ, ಅದನ್ನ ಸ್ಪಷ್ಟವಾಗಿ ಹೇಳ್ತೀನಿ. ತಿಂಗಳುಗಟ್ಟಲೆ ಕೂತು ಮಂಟಪ ಕಟ್ಟೋ ಹುಡುಗರ ಹೆಸರಲ್ಲಿ ಮಧ್ಯದವನೊಬ್ಬ ದುಡ್ಡು ಎತ್ತಿದ್ದು.

ಬಯಲುಸೀಮೆಯಿಂದ ನೆಂಟರು ಬರೋರಿದ್ದರು. ಹಗಲು ಮೈಸೂರಿನ ಜಂಬೂಸವಾರಿ, ರಾತ್ರಿ ಮಡಿಕೇರಿಯ ಮಂಟಪ ಅಂತ ಎಲ್ಲರೂ ಹಾಕೋ ಲೆಕ್ಕವೇ. ವಯಸ್ಸಾದವರು ಇಬ್ಬರಿದ್ದರು, ರಾತ್ರಿಯಿಡೀ ನಿಲ್ಲೋಕಾಗಲ್ಲ. ಆಗ ಬಂತು ಈ ಪ್ಯಾಕೇಜ್. ಒಬ್ಬರಿಗೆ ₹1,800. ಮುಖ್ಯರಸ್ತೆಯ ಮೊದಲನೇ ಮಹಡಿ ತಾರಸಿಯಲ್ಲಿ ಮುಂದಿನ ಸಾಲಿನ ಕುರ್ಚಿ, ರಾತ್ರಿ ಊಟ, ಊರ ಹೊರಗಿನ ಪಾರ್ಕಿಂಗಿನಿಂದ ತಾರಸಿವರೆಗೆ ಜೀಪು, ಜೊತೆಗೆ ‘ಅಧಿಕೃತ ದಸರಾ ಎಂಟ್ರಿ ಪಾಸ್’. ಆರು ಜನಕ್ಕೆ ₹10,800. ಮೊದಲು ₹5,000 ಅಡ್ವಾನ್ಸ್, ಆಮೇಲೆ ಆಯುಧಪೂಜೆ ದಿನ ಬೆಳಿಗ್ಗೆ ‘ಲಿಸ್ಟ್ ಕ್ಲೋಸ್ ಮಾಡ್ತಾ ಇದ್ದೀವಿ, ಬಾಕಿ ಹಾಕಿಬಿಡಿ’ ಅಂತ ಅವಸರ. ಯುಪಿಐಯಲ್ಲಿ ಹಾಕೋವಾಗ ಬ್ಯಾಂಕ್ ತೋರಿಸಿದ ಹೆಸರು ಬೇರೆ, ನಮ್ಮ ಹತ್ತಿರ ಮಾತಾಡಿದವನ ಹೆಸರು ಬೇರೆ. ಕೇಳಿದ್ದಕ್ಕೆ ‘ಅಕೌಂಟ್ ಮನೆಯವರದ್ದು’ ಅಂದ. ಅಲ್ಲೇ ನಿಲ್ಲಬೇಕಿತ್ತು. ನಿಲ್ಲಲಿಲ್ಲ.

ಮೊದಲು ಹೋದದ್ದು ಜೀಪು. ವಿಜಯದಶಮಿ ಸಂಜೆಯಿಂದ ಪೊಲೀಸರು ಊರೊಳಗೆ ವಾಹನ ಬಿಡೋದಿಲ್ಲ. ಯಾರದ್ದೇ ಜೀಪಾದ್ರೂ ಬ್ಯಾರಿಕೇಡ್ ಹತ್ತಿರ ನಿಲ್ಲಲೇಬೇಕು, ಇದು ಮಡಿಕೇರಿಯ ಮಕ್ಕಳಿಗೂ ಗೊತ್ತಿರೋ ವಿಷಯ. ಮಾರಿದವನಿಗೆ ಗೊತ್ತಿರಲಿಲ್ಲ ಅಂತ ನಂಬೋಕಾಗುತ್ತಾ? ಆ ಏರಿನಲ್ಲಿ, ಜನಜಂಗುಳಿಯಲ್ಲಿ, ಎಪ್ಪತ್ತು ದಾಟಿದವರನ್ನ ಕೈಹಿಡಿದು ನಡೆಸಿಕೊಂಡು ಹೋದ್ವಿ.

ಆಮೇಲೆ ಆ ಪಾಸ್. ಲ್ಯಾಮಿನೇಟ್ ಮಾಡಿದ ಕಾರ್ಡು, ಕೆಂಪು ದಾರ, ಮೇಲೆ ದೇವಿಯ ಚಿತ್ರ, ‘ಮಡಿಕೇರಿ ದಸರಾ ಗ್ಯಾಲರಿ’ ಅಂತ ದೊಡ್ಡ ಅಕ್ಷರ, ಮೂಲೆಯಲ್ಲಿ ಕ್ಯೂಆರ್ ಕೋಡ್. ಕ್ರಮಸಂಖ್ಯೆ ಇಲ್ಲ, ಸೀಲ್ ಇಲ್ಲ, ಯಾರ ಸಹಿನೂ ಇಲ್ಲ. ಬ್ಯಾರಿಕೇಡ್ ಹತ್ತಿರ ಅದನ್ನ ತೋರಿಸಿದರೆ ಪೊಲೀಸ್‌ನವರು ತಿರುಗಿಸಿ ಮುರುಗಿಸಿ ನೋಡಿ ‘ಇದನ್ನ ಯಾರು ಕೊಟ್ರು? ನಡ್ಕೊಂಡು ಹೋಗೋಕೆ ಪಾಸ್ ಯಾಕೆ? ಹೋಗಿ’ ಅಂದರು. ನಮ್ಮ ಪಕ್ಕದಲ್ಲೇ ನೂರಾರು ಜನ ಬರಿಗೈಲಿ ಒಳಗೆ ನಡೀತಾ ಇದ್ದರು. ಅಲ್ಲೇ ಆ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದ್ವಿ. ತೆರೆದುಕೊಂಡಿದ್ದು ಅದೇ ಮನುಷ್ಯನ ವಾಟ್ಸಾಪ್ ಚಾಟ್. ಅಷ್ಟೇ. ಬೇರೆ ಏನೂ ಇಲ್ಲ. ಕುತ್ತಿಗೆಗೆ ಹಾಕಿಕೊಂಡಿದ್ದ ಆ ಕಾರ್ಡನ್ನ ನೆಂಟರು ಒಬ್ಬೊಬ್ಬರಾಗಿ ಮಾತಿಲ್ಲದೆ ತೆಗೆದು ಜೇಬಿಗೆ ಹಾಕಿಕೊಂಡರು. ಆ ಗಳಿಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ.

ತಾರಸಿ ಇತ್ತು, ಸುಳ್ಳು ಹೇಳಲ್ಲ. ಕುರ್ಚಿನೂ ಇತ್ತು, ಮೂರನೇ ಸಾಲಲ್ಲಿ. ಆದರೆ ಅಸಲಿ ಮೋಸ ಇರೋದೇ ಇಲ್ಲಿ, ಹೊರಗಿನವರಿಗೆ ಇದು ಹೊಳೆಯೋದೇ ಇಲ್ಲ. ಮಂಟಪ ಹಾದುಹೋಗೋದು ಬೇರೆ, ಮಂಟಪ ಪ್ರದರ್ಶನ ಕೊಡೋದು ಬೇರೆ. ಟ್ರ್ಯಾಕ್ಟರ್ ಮೇಲೆ ಕಟ್ಟಿದ ಮಂಟಪ ಚಲಿಸೋವಾಗ ಕಲಾಕೃತಿಗಳು ಸುಮ್ಮನೆ ನಿಂತಿರುತ್ತವೆ. ನಿಗದಿಯಾದ ಜಾಗದಲ್ಲಿ ನಿಂತು, ದೀಪ ಆರಿಸಿ, ಕಥೆಯ ಧ್ವನಿ ಹಾಕಿದಾಗಲೇ ಅಸುರನ ಕೈ ಎದ್ದೇಳೋದು, ದೇವಿ ಮುಂದೆ ಬರೋದು, ಹೊಗೆ, ಬೆಂಕಿ, ಬೆಳಕು ಎಲ್ಲಾ. ಅದನ್ನ ಎದುರಿನಿಂದ ನೋಡಬೇಕು. ಅಂಥ ಜಾಗ ಊರಲ್ಲಿ ಕೆಲವೇ ಕೆಲವು. ನಮ್ಮ ತಾರಸಿ ಅಂಥ ಯಾವ ಜಾಗದ ಹತ್ತಿರವೂ ಇರಲಿಲ್ಲ. ಅದು ಎರಡು ನಿಲುಗಡೆಗಳ ಮಧ್ಯದ ಬರೀ ದಾರಿ.

ನಮಗೆ ಕಂಡಿದ್ದು ಮಂಟಪಗಳ ಬೆನ್ನು, ಪಕ್ಕೆ. ಕಬ್ಬಿಣದ ಆಂಗಲ್, ಪ್ಲೈವುಡ್ಡಿನ ಹಿಂಭಾಗ, ಇಳಿಬಿದ್ದ ವೈರು, ಹಿಂದೆ ಬರೋ ಜನರೇಟರಿನ ಡೀಸೆಲ್ ಹೊಗೆ ನೇರ ಮೊದಲನೇ ಮಹಡಿಗೆ. ಒಂದು ಮಂಟಪ ಹೋದರೆ ಇನ್ನೊಂದು ಬರೋಕೆ ಗಂಟೆ ಮೇಲಾಗುತ್ತಿತ್ತು. ಅದು ಮಂಟಪದವರ ತಪ್ಪಲ್ಲ. ಇಕ್ಕಟ್ಟಿನ ರಸ್ತೆ, ಜನಸಾಗರ, ತಗ್ಗಿನಲ್ಲಿರೋ ಕೇಬಲ್ಲುಗಳನ್ನ ಕೋಲಿನಿಂದ ಎತ್ತಿ ಹಿಡಿದು ದಾಟಿಸಬೇಕು, ಮುಂದಿನದ್ದು ಪ್ರದರ್ಶನ ಮುಗಿಸದೆ ಹಿಂದಿನದ್ದು ಕದಲೋ ಹಾಗಿಲ್ಲ. ರಾತ್ರಿ 3 ಗಂಟೆಗೆ ಹತ್ತರಲ್ಲಿ ಮೂರು ಮಂಟಪ ನಮ್ಮ ಮುಂದೆ ಹೋಗಿದ್ದವು, ಮೂರೂ ಕತ್ತಲಲ್ಲಿ. ಕೆಳಗೆ ಅರ್ಧ ಕಿಲೋಮೀಟರ್ ದೂರದಿಂದ ಜನ ಹೋ ಅಂತ ಕೂಗೋದು ಕೇಳುತ್ತಿತ್ತು. ಅಲ್ಲಿ ನಡೀತಾ ಇತ್ತು ಪ್ರದರ್ಶನ. ಬಿಟ್ಟಿಯಾಗಿ ನಿಂತವರು ನೋಡ್ತಾ ಇದ್ದರು. ದುಡ್ಡು ಕೊಟ್ಟ ನಾವು ಕೂಗು ಕೇಳ್ತಾ ಕೂತಿದ್ವಿ.

ಊಟದ ಬಗ್ಗೆ ಏನೂ ಬರೆಯಲ್ಲ. ತಣ್ಣಗಿತ್ತು.

ಫೋನ್ ಮಾಡಿದರೆ ತೆಗೀಲಿಲ್ಲ. ಮೆಸೇಜಿಗೆ ಮಾತ್ರ ಉತ್ತರ ಬಂತು, ಅವನ್ನ ಹಾಗೇ ಹಾಕ್ತೀನಿ. ಜೀಪಿನ ಬಗ್ಗೆ ಕೇಳಿದ್ದಕ್ಕೆ: ‘ಪೊಲೀಸ್ ರೂಲ್ಸ್‌ಗೆ ನಾವೇನ್ ಮಾಡೋಕಾಗುತ್ತೆ.’ ಪಾಸ್ ಬಗ್ಗೆ: ‘ಅದು ನಮ್ಮ ಗ್ಯಾಲರಿ ಪಾಸ್, ದಸರಾದ್ದು ಅಂತ ಯಾರು ಹೇಳಿದ್ದು?’ ಕಾರ್ಡಿನ ಮೇಲೆ ಬರೆದಿದೆಯಲ್ಲ! ಕೊನೆಗೆ, ಪ್ರದರ್ಶನ ಕಾಣಿಸಲೇ ಇಲ್ಲ ಅಂದಾಗ: ‘ವ್ಯೂ ಗ್ಯಾರಂಟಿ ಅಂದಿದ್ವಿ, ಶೋ ಗ್ಯಾರಂಟಿ ಅಂದಿರಲಿಲ್ಲ. ಮಂಟಪ ಎಲ್ಲಿ ನಿಲ್ಲುತ್ತೆ ಅನ್ನೋದು ದೇವರಿಗೇ ಗೊತ್ತು.’ ದೇವರ ಹೆಸರು ಬೇರೆ. ಎಲ್ಲಿ ನಿಲ್ಲುತ್ತೆ ಅನ್ನೋದು ಮೊದಲೇ ನಿಗದಿಯಾಗಿರುತ್ತೆ, ತೀರ್ಪುಗಾರರು ಅಲ್ಲಿ ಬಂದು ಅಂಕ ಹಾಕ್ತಾರೆ. ಮಂಟಪದ ಯಾವ ಹುಡುಗನನ್ನ ಕೇಳಿದರೂ ಬೆರಳು ಮಾಡಿ ಜಾಗ ತೋರಿಸ್ತಾನೆ. ದುಡ್ಡು ವಾಪಸ್ ಕೇಳಿದ್ದಕ್ಕೆ ‘ಮುಂದಿನ ವರ್ಷ ಡಿಸ್ಕೌಂಟ್ ಕೊಡ್ತೀವಿ’ ಅಂತ ಬರೆದು ಬ್ಲಾಕ್ ಮಾಡಿದ.

ತಾರಸಿ ಬಾಡಿಗೆಗೆ ಕೊಡೋದೇ ತಪ್ಪು ಅಂತ ನಾನು ಹೇಳ್ತಾ ಇಲ್ಲ. ಮನೆ ಅವರದ್ದು, ಕುರ್ಚಿ ಅವರದ್ದು, ದುಡ್ಡು ಕೇಳಲಿ. ಆದರೆ ನೀವು ಕೊಡೋ ಮುಂಚೆ ಒಂದೇ ಪ್ರಶ್ನೆ ಕೇಳಿ: ನಿಮ್ಮ ತಾರಸಿ ಎದುರು ಎಷ್ಟು ಮಂಟಪ ನಿಂತು ಪ್ರದರ್ಶನ ಕೊಡುತ್ತವೆ? ‘ಎಲ್ಲಾ ಹತ್ತೂ ಇಲ್ಲೇ ಹೋಗುತ್ತೆ ಸರ್’ ಅಂತ ಉತ್ತರ ಬಂದರೆ ಫೋನ್ ಇಟ್ಟುಬಿಡಿ. ‘ಹೋಗುತ್ತೆ’ ಅನ್ನೋ ಆ ಪದಕ್ಕೇ ನಾವು ₹10,800 ಕೊಟ್ಟಿದ್ದು. ಹಗಲಲ್ಲೇ ಒಮ್ಮೆ ಹೋಗಿ ತಾರಸಿ ಹತ್ತಿ ನೋಡಿ. ಹೆಸರು ಬೇರೆ ಇರೋ ಅಕೌಂಟಿಗೆ ದುಡ್ಡು ಹಾಕಬೇಡಿ, ಪೂರ್ತಿ ಮುಂಗಡ ಅಂತೂ ಬೇಡವೇ ಬೇಡ.

ವಯಸ್ಸಾದವರಿದ್ದರೆ ದಶಮಂಟಪದ ರಾತ್ರಿ ಬಿಟ್ಟು ನವರಾತ್ರಿಯ ಬೇರೊಂದು ಸಂಜೆ ಗಾಂಧಿ ಮೈದಾನಕ್ಕೆ ಕರಕೊಂಡು ಹೋಗಿ, ಕೂತು ಕಾರ್ಯಕ್ರಮ ನೋಡಬಹುದು. ಮಂಟಪವೇ ಬೇಕು ಅಂದ್ರೆ ಹತ್ತೂ ನೋಡೋ ಆಸೆ ಬಿಡಿ. ಒಂದು ದೇವಸ್ಥಾನ ಆರಿಸಿಕೊಂಡು ಅದರ ಮಂಟಪ ಪ್ರದರ್ಶನ ಕೊಡೋ ಜಾಗಕ್ಕೆ ಬೇಗ ಹೋಗಿ ಎದುರಿಗೆ ನಿಲ್ಲಿ. ಮಡಚೋ ಸ್ಟೂಲು, ಸ್ವೆಟರ್, ಕೊಡೆ ಇರಲಿ, ಆ ಹೊತ್ತಿಗೆ ಮಡಿಕೇರಿಯಲ್ಲಿ ಮಳೆ ಪೂರ್ತಿ ಹೋಗಿರೋದಿಲ್ಲ.

ಇದೇ ಥರ ದುಡ್ಡು ಹೋದವರು ಮೆಸೇಜು, ಯುಪಿಐ ರಸೀದಿ ಯಾವುದನ್ನೂ ಅಳಿಸಬೇಡಿ. ಸೈಬರ್ ವಂಚನೆಗೆ 1930ಕ್ಕೆ ಆದಷ್ಟು ಬೇಗ ಫೋನ್ ಮಾಡಿ, ತಡವಾದಷ್ಟೂ ದುಡ್ಡು ತಡೆಹಿಡಿಯೋದು ಕಷ್ಟ. ಗ್ರಾಹಕ ಸಹಾಯವಾಣಿ 1915. ನಾವು ‘ಹೋಗ್ಲಿ ಬಿಡು’ ಅಂತ ನಾಲ್ಕು ದಿನ ಸುಮ್ಮನಿದ್ವಿ. ಆ ನಾಲ್ಕು ದಿನದಲ್ಲಿ ಅವನು ಪ್ರೊಫೈಲ್ ಫೋಟೊನೂ ಬದಲಾಯಿಸಿದ್ದ. ಆ ಕಾರ್ಡುಗಳು ಆರೂ ನನ್ನ ಹತ್ತಿರ ಇವೆ, ದೂರಿನ ಜೊತೆ ಕೊಡ್ತಾ ಇದ್ದೀನಿ.