ಕೇಪಳದ ಸಾಲನ್ನು ಹೊಸ ಗೋಡೆಯ ಬುಡದಲ್ಲಿ ನೆಡಿಸಬೇಡಿ

ಹೊಸದಾಗಿ ಕಾಂಪೌಂಡ್ ಕಟ್ಟಿಸಿ, ಅದರ ಉದ್ದಕ್ಕೂ ಕೇಪಳದ ಗಿಡ ನೆಡಿಸುವ ಯೋಚನೆ ಇದ್ದರೆ ದಯವಿಟ್ಟು ಇದನ್ನು ಓದಿದ ಮೇಲೆ ಮುಂದುವರಿಯಿರಿ. ನಮ್ಮ ಮನೆಯಲ್ಲಿ ಅಂಥದೊಂದು ಸಾಲು ಹೆಚ್ಚುಕಡಿಮೆ ಪೂರ್ತಿ ಹಾಳಾಯಿತು. ಗಿಡಗಳಿಗೆ ಹುಳ ಬಿದ್ದಿರಲಿಲ್ಲ, ನೀರಿಗೆ ಕೊರತೆ ಇರಲಿಲ್ಲ, ಬಿಸಿಲೂ ಚೆನ್ನಾಗಿಯೇ ಬೀಳುತ್ತಿತ್ತು. ನೆಟ್ಟ ಜಾಗ ಅವುಗಳನ್ನು ಕೊಂದಿತು. ಆಮೇಲೆ ಒಂದರ ಹಿಂದೆ ಒಂದರಂತೆ ಸುರಿದ ಗೊಬ್ಬರಗಳು ಆ ಕೆಲಸಕ್ಕೆ ಕೈಜೋಡಿಸಿದವು.

ತೋಟ ಮಾಡಿಕೊಡುವ ಗುತ್ತಿಗೆದಾರರು ಈ ಗಿಡವನ್ನು ಸೂಚಿಸುವಾಗ ಹೇಳುವ ಮಾತು ನಿಮಗೂ ಪರಿಚಿತವಿರಬಹುದು: "ಮೇಡಂ, ಇದು ನಮ್ಮ ನೆಲದ ಗಿಡ, ಗುಡ್ಡದಲ್ಲಿ ತಾನಾಗಿಯೇ ಬೆಳೆಯುತ್ತದೆ, ಏನೂ ನೋಡಿಕೊಳ್ಳಬೇಕಿಲ್ಲ." ಈ ಮಾತಿನ ಮೊದಲರ್ಧ ನಿಜ. ಕೇಪಳ ದಕ್ಷಿಣ ಭಾರತ ಮತ್ತು ಶ್ರೀಲಂಕಾದ ಸಹಜ ಪೊದೆ. ಕಾಫಿ ಗಿಡದ ಕುಟುಂಬಕ್ಕೆ ಸೇರಿದ್ದು. ಆದರೆ ಅದು ತಾನಾಗಿ ಬೆಳೆಯುವ ಗುಡ್ಡದ ಮಣ್ಣು ಎಂಥದ್ದು? ಮಳೆ ತೊಳೆದು ತೊಳೆದು ಸುಣ್ಣದ ಅಂಶವೆಲ್ಲ ಹರಿದುಹೋಗಿ, ಕಬ್ಬಿಣ ಉಳಿದ ಜಂಬಿಟ್ಟಿಗೆಯ ಕೆಮ್ಮಣ್ಣು, ಹುಳಿ ಮಣ್ಣು. ಹೊಸ ಕಾಂಪೌಂಡಿನ ಬುಡದಲ್ಲಿ ಇರುವುದು ಅದಕ್ಕೆ ತೀರಾ ವಿರುದ್ಧವಾದದ್ದು. ಗೋಡೆಗೆ ಗಾರೆ ಬಳಿಯುವಾಗ ಉದುರಿದ ಸಿಮೆಂಟು, ಕಾಂಕ್ರೀಟಿನ ಚೂರು, ಬಾಣಲೆ ತೊಳೆದ ನೀರು ಎಲ್ಲವೂ ಅಲ್ಲೇ ಇಂಗಿರುತ್ತವೆ. ಹಸಿ ಸಿಮೆಂಟಿನ ರಸಸಾರ (ಪಿಎಚ್; 7ಕ್ಕಿಂತ ಕಡಿಮೆಯಾದರೆ ಹುಳಿ, ಹೆಚ್ಚಾದರೆ ಕ್ಷಾರ) 12ಕ್ಕಿಂತ ಮೇಲಿರುತ್ತದೆ. ಕೇಪಳಕ್ಕೆ ಹಿತವಾದದ್ದು 5ರಿಂದ 6ರ ಆಸುಪಾಸು. ಆ ಗುತ್ತಿಗೆದಾರರು ಇದನ್ನು ತಿಳಿಯದೆ ಹೇಳಿದರೋ ತಿಳಿದೂ ಹೇಳಿದರೋ, ನಷ್ಟ ಮಾತ್ರ ಗಿಡಕ್ಕೆ ಆಯಿತು.

ಮೋಸ ಹೋಗುವುದು ಸುಲಭ, ಏಕೆಂದರೆ ಆರಂಭದಲ್ಲಿ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಸಸಿಯ ಚೀಲದಲ್ಲಿ ಬಂದ ಕೆಮ್ಮಣ್ಣಿನ ಮುದ್ದೆಯಲ್ಲೇ ಬೇರು ಸ್ವಲ್ಪ ಕಾಲ ಬದುಕುತ್ತದೆ. ಗಿಡ ಕೆಂಪು ಹೂಗೊಂಚಲನ್ನೂ ಬಿಡುತ್ತದೆ. ಗುತ್ತಿಗೆದಾರರು ಬಾಕಿ ಹಣ ಪಡೆದು ಹೋಗುವುದು ಆ ಹೊತ್ತಿಗೇ.

ಆಮೇಲೆ ಚಿಗುರು ಬಣ್ಣ ಬದಲಿಸಿತು. ಆ ಎಲೆಗಳು ಈಗಲೂ ನನ್ನ ಕಣ್ಣಿಗೆ ಕಟ್ಟಿದಂತಿವೆ. ಕೆಳಗಿನ ಹಳೆಯ ಎಲೆಗಳು ಕಡುಹಸಿರಾಗಿಯೇ ಇದ್ದವು. ತುದಿಯ ಎಳೆಯ ಎಲೆಗಳು ಮಾತ್ರ ನಿಂಬೆಹಣ್ಣಿನ ಹಳದಿಗೆ ತಿರುಗಿ, ನರಗಳಷ್ಟೇ ಹಸಿರಾಗಿ ಉಳಿದಿದ್ದವು. ಅದರ ಮುಂದಿನ ಚಿಗುರು ಇನ್ನೂ ಬಿಳಿಚಿಕೊಂಡು ಬಂತು. ಅದರಲ್ಲಿ ನರಗಳ ಹಸಿರೂ ಇರಲಿಲ್ಲ, ಅಂಚು ಕಂದಾಗಿ ಸುಟ್ಟಿತ್ತು. ಹೂಗೊಂಚಲು ಬರಬೇಕಾದಲ್ಲಿ ನಾಲ್ಕಾರು ಮೊಗ್ಗು ಮೂಡಿ ಉದುರಿದವು.

ಹಳದಿ ಮೊದಲು ಎಲ್ಲಿ ಕಾಣಿಸಿಕೊಂಡಿತು ಎಂಬುದರಲ್ಲೇ ಉತ್ತರವಿತ್ತು. ಸಾರಜನಕ ಕಡಿಮೆಯಾದರೆ ಗಿಡ ಹಳೆಯ ಎಲೆಯಿಂದ ಅದನ್ನು ಎಳೆದು ಚಿಗುರಿಗೆ ಕೊಡುತ್ತದೆ, ಹಾಗಾಗಿ ಕೆಳಗಿನ ಎಲೆ ಮೊದಲು ಹಳದಿಯಾಗುತ್ತದೆ. ಮೆಗ್ನೀಸಿಯಂ ಕೊರತೆಯೂ ಹಳೆಯ ಎಲೆಯಲ್ಲೇ ಶುರುವಾಗುತ್ತದೆ. ಕಬ್ಬಿಣವನ್ನು ಹಾಗೆ ಒಂದು ಎಲೆಯಿಂದ ಇನ್ನೊಂದಕ್ಕೆ ಸಾಗಿಸಲು ಗಿಡಕ್ಕೆ ಆಗುವುದಿಲ್ಲ. ಚಿಗುರು ಹಳದಿ, ನರ ಹಸಿರು ಎಂದರೆ ಮೊದಲು ಅನುಮಾನಿಸಬೇಕಾದದ್ದು ಕಬ್ಬಿಣದ ಕೊರತೆಯನ್ನು. ಮಣ್ಣಿನಲ್ಲಿ ಕಬ್ಬಿಣ ಇಲ್ಲವೆಂದು ಇದರ ಅರ್ಥವಲ್ಲ. ಸುಣ್ಣದ ಮಣ್ಣಿನಲ್ಲಿ ಅದು ನೀರಿನಲ್ಲಿ ಕರಗದ ರೂಪಕ್ಕೆ ತಿರುಗಿ ಬೇರಿಗೆ ಸಿಗದೆ ಕುಳಿತಿರುತ್ತದೆ.

ಇದನ್ನು ನೋಡಿದ ಗುತ್ತಿಗೆದಾರರು ಮೊದಲು ಡಿಎಪಿ ಹಾಕಿಸಿದರು. ಡಿಎಪಿಯಲ್ಲಿ ಸಾರಜನಕ ಶೇ. 18, ರಂಜಕ (ಪೆಂಟಾಕ್ಸೈಡ್ ರೂಪದ ಲೆಕ್ಕದಲ್ಲಿ) ಶೇ. 46. ಹೆಚ್ಚಾದ ರಂಜಕ ಗಿಡಕ್ಕೆ ಕಬ್ಬಿಣ ಸಿಗುವುದನ್ನು ಇನ್ನಷ್ಟು ತಡೆಯುತ್ತದೆ. ಬಳಿಕ "ಸೌದೆಯ ಬೂದಿ ಒಳ್ಳೆಯದು" ಎಂದರು. ಬೂದಿಯೇ ಕ್ಷಾರ, ಅದು ಮಣ್ಣಿನ ರಸಸಾರವನ್ನು ಏರಿಸುತ್ತದೆ. ಅದಾದ ಮೇಲೆ ಎಪ್ಸಮ್ ಲವಣ. ಅದರಲ್ಲಿರುವುದು ಮೆಗ್ನೀಸಿಯಂ, ಈ ಗಿಡಗಳು ಕೇಳುತ್ತಿದ್ದದ್ದು ಅದನ್ನಲ್ಲ. ಕೊನೆಗೆ ಅನ್ನಭೇದಿಯನ್ನು ನೀರಿನಲ್ಲಿ ಕದಡಿ ಬುಡಕ್ಕೆ ಸುರಿಸಿದರು. ಅನ್ನಭೇದಿ ಕಬ್ಬಿಣದ ಲವಣವೇ, ಆದರೆ ಸುಣ್ಣದ ಮಣ್ಣಿಗೆ ಬಿದ್ದ ಕೂಡಲೇ ಅದೂ ತುಕ್ಕಿನಂತೆ ಗಟ್ಟಿಯಾಗಿ ಬೇರಿಗೆ ದಕ್ಕದೆ ಹೋಗುತ್ತದೆ. ನಮಗೆ ಸಿಕ್ಕಿದ್ದು ಗೋಡೆಯ ಬುಡದ ಉದ್ದಕ್ಕೂ ಮಾಸದ ಕಂದು ಕಲೆ. ಇಷ್ಟರ ನಡುವೆ ಬಂದಾಗಲೆಲ್ಲ ದೊಡ್ಡ ಕತ್ತರಿಯಿಂದ ಸಾಲನ್ನು ಪೆಟ್ಟಿಗೆಯ ಆಕಾರಕ್ಕೆ ಸವರುತ್ತಿದ್ದರು. ಕೇಪಳ ಹೂ ಬಿಡುವುದು ಕೊಂಬೆಯ ತುದಿಯಲ್ಲಿ. ಹಾಗೆ ಪದೇಪದೇ ತುದಿ ಕತ್ತರಿಸಿದರೆ ಆರೋಗ್ಯವಂತ ಗಿಡದಲ್ಲೂ ಹೂ ಕಾಣಲಾಗದು.

ಸತ್ತ ಗಿಡಗಳಲ್ಲಿ ಒಂದನ್ನು ಅಗೆಸಿ ನೋಡಿದೆವು. ಸಸಿಯ ಚೀಲದ ಆಕಾರದಲ್ಲೇ ಬೇರಿನ ಮುದ್ದೆ ಇಡಿಯಾಗಿ ಮೇಲೆ ಬಂತು. ಹೊರಗಿನ ಮಣ್ಣಿಗೆ ಇಳಿದಿದ್ದ ಕೆಲವೇ ಬೇರುಗಳು ತುದಿಯಲ್ಲಿ ಕಪ್ಪಾಗಿದ್ದವು. ಸುತ್ತ ಬೂದು ಬಣ್ಣದ ಗಾರೆ ಹೆಂಟೆಗಳು, ಇಟ್ಟಿಗೆ ಚೂರು, ಸಿಮೆಂಟು ಚೀಲದ ಒಂದು ತುಂಡು ಕೂಡ. ಆ ಮಣ್ಣನ್ನು ಒಂದು ಹಿಡಿ ತಟ್ಟೆಗೆ ಹಾಕಿ ಮೇಲೆ ವಿನೆಗರ್ ಸುರಿದರೆ ಚುರ್ರೆಂದು ನೊರೆ ಎದ್ದಿತು. ಈ ಪರೀಕ್ಷೆಯನ್ನು ಯಾರು ಬೇಕಾದರೂ ಮಾಡಬಹುದು. ನೊರೆ ಎದ್ದರೆ ಮಣ್ಣಿನಲ್ಲಿ ಸುಣ್ಣ ಇದೆ ಎಂದರ್ಥ, ಅಲ್ಲಿ ಕೇಪಳ ನೆಡಬೇಡಿ. ಗಂಧಕ ಹಾಕಿ ಸರಿಪಡಿಸಬಹುದು ಎಂದು ಕೆಲವರು ಹೇಳುತ್ತಾರೆ. ಗಂಧಕವನ್ನು ಆಮ್ಲವಾಗಿ ಮಾಡುವುದು ಮಣ್ಣಿನ ಬ್ಯಾಕ್ಟೀರಿಯಾ, ಅದಕ್ಕೆ ತಿಂಗಳುಗಳೇ ಹಿಡಿಯುತ್ತವೆ. ಹುಟ್ಟಿದ ಆಮ್ಲವನ್ನು ಗಾರೆಯ ಸುಣ್ಣ ನುಂಗುತ್ತಲೇ ಇರುತ್ತದೆ. ಗೋಡೆಯ ಬುಡದಲ್ಲಿ ಆ ಹೋರಾಟ ಮುಗಿಯುವಂಥದ್ದಲ್ಲ.

ಉಳಿದಿದ್ದ ಗಿಡಗಳನ್ನು ಕಿತ್ತು, ಅಂಟಿದ್ದ ಮಣ್ಣನ್ನು ಆದಷ್ಟು ಉದುರಿಸಿ, ಕೆಮ್ಮಣ್ಣು ಮತ್ತು ಕೊಳೆತ ಎಲೆಗೊಬ್ಬರ ತುಂಬಿದ ದೊಡ್ಡ ಮಣ್ಣಿನ ಕುಂಡಗಳಿಗೆ ಹಾಕಿದೆವು. ಜತೆಗೆ ಕಬ್ಬಿಣದ ಚಿಲೇಟ್, ಅಂದರೆ ಕಬ್ಬಿಣ ಗಟ್ಟಿಯಾಗದಂತೆ ಹಿಡಿದಿಟ್ಟು ಬೇರಿಗೆ ಒದಗಿಸುವ ಸಂಯುಕ್ತ, ಕೊಟ್ಟೆವು. ಇದನ್ನು ಕೊಳ್ಳುವಾಗ ಪೊಟ್ಟಣದ ಮೇಲಿನ ಅಕ್ಷರಗಳನ್ನು ಓದಲೇಬೇಕು. ಇಡಿಟಿಎ ಎಂದಿದ್ದರೆ ರಸಸಾರ ಸುಮಾರು 6.5 ದಾಟಿದ ಮೇಲೆ ಅದು ಕಬ್ಬಿಣವನ್ನು ಹಿಡಿದಿಟ್ಟುಕೊಳ್ಳುವುದಿಲ್ಲ. ಡಿಟಿಪಿಎ ಸುಮಾರು 7.5ರವರೆಗೆ ನಿಲ್ಲುತ್ತದೆ. ಸುಣ್ಣದ ಮಣ್ಣಿನಲ್ಲೂ ಕೆಲಸ ಮಾಡುವುದು ಇಡಿಡಿಎಚ್ಎ. ಎಲ್ಲವನ್ನೂ "ಕಬ್ಬಿಣದ ಗೊಬ್ಬರ" ಎಂದೇ ಮಾರುತ್ತಾರೆ. ಕೊಟ್ಟ ಬಳಿಕ ಹಳೆಯ ಹಳದಿ ಎಲೆಗಳನ್ನು ನೋಡಿ ಹತಾಶರಾಗಬೇಡಿ, ಹೊಸ ಚಿಗುರಿನ ಬಣ್ಣ ನೋಡಿ. ನಮ್ಮ ಕುಂಡಗಳಲ್ಲಿ ಅದು ತಾಮ್ರದ ಹೊಳಪಿನೊಂದಿಗೆ ಬಂದು ಹಸಿರಿಗೆ ತಿರುಗಿದಾಗ ಆದ ಸಮಾಧಾನ ದೊಡ್ಡದು. ಎಲ್ಲ ಗಿಡಗಳೂ ಬದುಕಲಿಲ್ಲ.

ನೀರಿನ ಬಗ್ಗೆ ಒಂದು ಮಾತು. ಕೊಳವೆಬಾವಿಯ ಗಡಸು ನೀರನ್ನೇ ಸದಾ ಹಾಕುತ್ತಿದ್ದರೆ ಒಳ್ಳೆಯ ಕೆಮ್ಮಣ್ಣೂ ನಿಧಾನವಾಗಿ ಕೆಡುತ್ತದೆ. ಕುಂಡದ ಅಂಚಿನಲ್ಲಿ ಬಿಳಿ ಪುಡಿ ಕಟ್ಟಿದರೆ ಅದೇ ಸೂಚನೆ. ಮಳೆನೀರು ಹಿಡಿದಿಟ್ಟುಕೊಳ್ಳಲು ಅನುಕೂಲವಿದ್ದರೆ ಅದನ್ನು ಈ ಗಿಡಕ್ಕೆ ಮೀಸಲಿಡಿ.

ನೆಲದ ಗಿಡವೇ ಬೇಕೆಂದು ಹಣ ಕೊಡುವವರು ತಮಗೆ ಸಿಗುತ್ತಿರುವುದು ಅದೇ ಗಿಡವೇ ಎಂದೂ ನೋಡಿಕೊಳ್ಳಿ. ಚೀನಾ ಮೂಲದ ಪ್ರಭೇದವನ್ನೂ ಹಲವು ಮಿಶ್ರತಳಿಗಳನ್ನೂ ಕೇಪಳವೆಂದೇ ಮಾರುತ್ತಾರೆ, ನಮ್ಮ ಸಾಲಿನಲ್ಲೂ ಅವು ಬೆರೆತಿದ್ದವು. ನಮ್ಮ ಗುಡ್ಡದ ಕೇಪಳದ ಹೂವಿಗೆ ನಾಲ್ಕು ದಳ, ದಳದ ತುದಿ ಚೂಪು. ಎಲೆಗೆ ತೊಟ್ಟು ಇಲ್ಲವೇ ಇಲ್ಲ ಎನ್ನುವಷ್ಟು ಗಿಡ್ಡ. ಚೀನಾದ ಪ್ರಭೇದದ ದಳಗಳ ತುದಿ ದುಂಡಗಿರುತ್ತದೆ. ಹೂ ಬಿಟ್ಟಿರುವಾಗಲೇ ಸಸಿ ಆರಿಸಿದರೆ ಈ ಗೊಂದಲವಿಲ್ಲ.

ಇಷ್ಟಾದ ಮೇಲೆ ಅದೇ ಜಾಗಕ್ಕೆ ಗುತ್ತಿಗೆದಾರರು ಕಣಗಿಲೆ ಸೂಚಿಸಿದರು. ಕಣಗಿಲೆಗೆ ಸುಣ್ಣದ ಮಣ್ಣು ಬಾಧಿಸುವುದಿಲ್ಲ, ನಿಜ. ಆದರೆ ಅದರ ಎಲೆ, ಹೂ, ಕಾಂಡ ಎಲ್ಲವೂ ವಿಷ ಎಂಬುದನ್ನು ಹೇಳಲಿಲ್ಲ. ಮನೆಯಲ್ಲಿ ಚಿಕ್ಕ ಮಕ್ಕಳೋ ಜಾನುವಾರುಗಳೋ ಇದ್ದರೆ ಅದಕ್ಕೂ ಒಪ್ಪಬೇಡಿ.

ಗುತ್ತಿಗೆ ಕೊಡುವವರು ಒಪ್ಪಂದದಲ್ಲಿ ಇಷ್ಟನ್ನು ಬರೆಸಿಕೊಳ್ಳಿ: ಗೋಡೆಯಿಂದ ಕನಿಷ್ಠ 3 ಅಡಿ ಬಿಟ್ಟು ಗುಂಡಿ ತೋಡಬೇಕು, ಕಟ್ಟಡದ ಕಸವನ್ನು ಹೂಳದೆ ಪೂರ್ತಿ ಹೊರಗೆ ಸಾಗಿಸಬೇಕು, ಗುಂಡಿಗೆ ಹೊಸ ಕೆಮ್ಮಣ್ಣು ತುಂಬಬೇಕು. ಸಸಿ ಬರುವ ಮೊದಲು ತೆರೆದ ಗುಂಡಿಯ ತಳದ ಮಣ್ಣಿಗೆ ನೀವೇ ವಿನೆಗರ್ ಹಾಕಿ ನೋಡಿ. ನೊರೆ ಬಂದರೆ ಅಂದಿನ ಕೆಲಸ ನಿಲ್ಲಿಸಿ. ಬಾಕಿ ಹಣವನ್ನು ನೆಟ್ಟ ದಿನ ಕೊಡಬೇಡಿ, ಗಿಡ ಚೀಲದ ಮಣ್ಣನ್ನು ದಾಟಿ ಬೇರು ಬಿಟ್ಟು, ಹಸಿರಾದ ಹೊಸ ಚಿಗುರು ತೋರಿಸಿದ ಮೇಲೆ ಕೊಡಿ.