ಫಾರಂ ಬಿಗೆ ಸಹಿ ಹಾಕುವ ಮೊದಲು ಷೆಡ್ಯೂಲ್ ಕೂಡಿ ನೋಡಿ

ಬೆಂಗಳೂರಲ್ಲಿ ಫ್ಲ್ಯಾಟ್ ತಗೊಳ್ಳುವವರು ದಯವಿಟ್ಟು ಇದನ್ನು ಓದಿ. ನಾವು ಮಾಡಿದ ತಪ್ಪು ನೀವು ಮಾಡಬೇಡಿ.

ನಮ್ಮದು 36 ಮನೆಗಳ ಅಪಾರ್ಟ್‌ಮೆಂಟ್. ಕೀ ಕೊಟ್ಟ ದಿನವೇ ಬಿಲ್ಡರ್ ಕಡೆಯ ಹುಡುಗ ಫಾರಂ ಬಿ ಮುಂದಿಟ್ಟ. "ಸುಮ್ನೆ ಒಂದು ಸಹಿ ಮೇಡಂ, ಎಲ್ಲರೂ ಹಾಕಿದ್ದಾರೆ" ಅಂದ. ಗೃಹಪ್ರವೇಶದ ಗಡಿಬಿಡಿ ಬೇರೆ. ಹಾಕಿಬಿಟ್ಟೆ. ನನ್ನ ಮನೆ 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಓನರ್‌ಶಿಪ್ ಕಾಯ್ದೆಗೆ ಒಳಪಡುತ್ತದೆ ಅಂತ ಒಪ್ಪಿಕೊಡುವ ಕಾಗದ ಅದು. ಅದರ ಹಿಂದೆ ಡೀಡ್ ಆಫ್ ಡಿಕ್ಲರೇಷನ್ ಅಂತ, ಯಾವ ಮನೆಗೆ ಎಷ್ಟು ಪಾಲು ಅಂತ ಬರೆದ ಮೂಲ ದಾಖಲೆ ಇರುತ್ತದೆ. ಅದನ್ನು ನಾನು ಕಣ್ಣಲ್ಲೂ ನೋಡಿರಲಿಲ್ಲ.

ಎರಡು ವರ್ಷದ ಮೇಲೆ ಟೆರೇಸ್‌ಗೆ ಇಟ್ಟಿಗೆ ಬಂದು ಬಿತ್ತು. ಕೇಳಿದರೆ, "ಇನ್ನೂ ನಮ್ಮ ಪಾಲಿದೆ" ಅಂದರು ಬಿಲ್ಡರ್. ಸಬ್ ರಿಜಿಸ್ಟ್ರಾರ್ ಕಚೇರಿಯಿಂದ ಡಿಕ್ಲರೇಷನ್ನಿನ ಸರ್ಟಿಫೈಡ್ ಕಾಪಿ ತಂದೆವು. ಕೊನೆಯ ಷೆಡ್ಯೂಲ್‌ನಲ್ಲಿ, ಅಂದರೆ ಪಟ್ಟಿಯಲ್ಲಿ, ಒಂದೊಂದು ಫ್ಲ್ಯಾಟಿನ ಎದುರೂ ಯುಡಿಎಸ್ (ಜಾಗದಲ್ಲಿ ಆ ಮನೆಗೆ ಸೇರುವ ಅವಿಭಜಿತ ಪಾಲು) ಶೇಕಡಾವಾರು ಇತ್ತು. ಪಕ್ಕದ ಮನೆ ಆಂಟಿ ಓದುತ್ತಾ ಹೋದರು, ನಾನು ಮೊಬೈಲ್‌ನಲ್ಲಿ ಕೂಡುತ್ತಾ ಹೋದೆ. 36 ಮನೆ ಮುಗಿದಾಗ ಬಂದದ್ದು 91.8. ಮತ್ತೆ ಕೂಡಿದೆವು. ಅಷ್ಟೇ. ಉಳಿದ 8.2 ಬಿಲ್ಡರ್ ಹೆಸರಲ್ಲಿತ್ತು.

ತಿದ್ದಿಸೋಣ ಅಂತ ವಕೀಲರ ಹತ್ತಿರ ಹೋದಾಗ ನಿಜವಾದ ಪೆಟ್ಟು ಬಿತ್ತು. ಡಿಕ್ಲರೇಷನ್ನಿನಲ್ಲಿ ಬರೆದ ಪಾಲು ಶಾಶ್ವತ ಅನ್ನುತ್ತದೆ ಕಾಯ್ದೆ. ಬದಲಿಸಬೇಕಾದರೆ ಎಲ್ಲ ಮಾಲೀಕರೂ ಒಪ್ಪಿ, ತಿದ್ದುಪಡಿ ಡಿಕ್ಲರೇಷನ್ ಮತ್ತೆ ನೋಂದಣಿ ಆಗಬೇಕು. ಬಹುಮತ ಸಾಲದು. ನಮ್ಮಲ್ಲಿ ಇಬ್ಬರು ಕುವೈತ್‌ನಲ್ಲಿದ್ದಾರೆ. ಒಬ್ಬರು ತೀರಿಕೊಂಡು ಅವರ ಮಕ್ಕಳ ನಡುವೆ ಕೇಸು ನಡೀತಿದೆ.

ಅದಕ್ಕೇ ಹೇಳುತ್ತಿದ್ದೇನೆ, ಸಹಿಗೆ ಮೊದಲು ಡಿಕ್ಲರೇಷನ್ ಕೇಳಿ. ನೋಟರಿ ಸೀಲ್ ಇದ್ದರೆ ನೋಂದಣಿ ಆಗಿದೆ ಅಂತಲ್ಲ. ನಮ್ಮ ಚಿಕ್ಕಪ್ಪನ ಮಗಳಿಗೆ ಕೊಟ್ಟಿದ್ದ ಕಾಪಿಯಲ್ಲಿ ಬರೀ ನೋಟರಿ ಸೀಲ್ ಇತ್ತು, ಪಾಪ ಅವಳು ನಾಲ್ಕು ವರ್ಷ ಅದನ್ನೇ ಜೋಪಾನವಾಗಿ ಇಟ್ಟುಕೊಂಡಿದ್ದಳು. ಸಬ್ ರಿಜಿಸ್ಟ್ರಾರ್ ಮೊಹರು, ದಸ್ತಾವೇಜು ನಂಬರ್ ಇದೆಯಾ ನೋಡಿ. ಜೊತೆಗೆ ಫ್ಲೋರ್ ಪ್ಲಾನ್ ಇರಬೇಕು, ಅದು ಮಂಜೂರಾದ ನಕ್ಷೆಯ ಸರಿಯಾದ ಪ್ರತಿ ಅಂತ ಆರ್ಕಿಟೆಕ್ಟ್ ಬರೆದುಕೊಟ್ಟಿರಬೇಕು. ಮನೆ ಮಾಲೀಕರ ಸಂಘವನ್ನು 1960ರ ಸೊಸೈಟಿ ಕಾಯ್ದೆಯಡಿ ನೋಂದಾಯಿಸಿದ್ದೇವೆ, ಅದೇ ಸಾಕು ಅಂದರೆ ಒಪ್ಪಬೇಡಿ. ಸಂಘದ ನೋಂದಣಿ ಬೇರೆ, ಡಿಕ್ಲರೇಷನ್ ನೋಂದಣಿ ಬೇರೆ. ಆಮೇಲೆ ಷೆಡ್ಯೂಲ್ ತೆಗೆದು ನೀವೇ ಕೂಡಿ. ನೂರು ಬರಬೇಕು ಅಲ್ವಾ?

ನಮ್ಮ ತಿದ್ದುಪಡಿಗೆ ಇವತ್ತಿಗೆ 33 ಸಹಿ ಆಗಿದೆ. ಕುವೈತ್‌ನಿಂದ ಜಿಪಿಎ (ಅವರ ಪರವಾಗಿ ಸಹಿ ಹಾಕಲು ಕೊಡುವ ಅಧಿಕಾರ ಪತ್ರ) ಇನ್ನೂ ಬಂದಿಲ್ಲ. ಬಿಲ್ಡರ್ ಫೋನ್ ಎತ್ತುತ್ತಿಲ್ಲ. ಇಟ್ಟಿಗೆ ಹಾಗೇ ಟಾರ್ಪಾಲ್ ಕೆಳಗೆ ಟೆರೇಸ್ ಮೇಲಿದೆ.